ಅಜ್ಜನ ಕ್ಷೌರದ ಕತ್ತಿಗೆ ಹಿತ್ತಾಳೆ ಹಿಡಿ ಹಾಕಿಸಬಹುದೇ?

ಪ್ರಶ್ನೆ: ನಮ್ಮ ಅಜ್ಜ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಲಾಲ್‌ಬಾಗ್‌ನಲ್ಲಿ ಸಲೂನ್ ಇಟ್ಟಿದ್ದರು. ಅವರ ಮಡಚುವ ಕ್ಷೌರದ ಕತ್ತಿಯೊಂದು ಹಳೆಯ ಟ್ರಂಕಿನಲ್ಲಿ ಸಿಕ್ಕಿದೆ. ಬುಡದಲ್ಲಿ ‘ಸೋಲಿಂಗೆನ್’, ‘ಜರ್ಮನಿ’ ಎಂಬ ಅಚ್ಚು ಇದೆ. ಕಂಪನಿಯ ಹೆಸರು ಸವೆದು ಓದಲಾಗುತ್ತಿಲ್ಲ. ಅಲಗಿನ ತುಂಬ ಕಂದು ತುಕ್ಕು. ಆಮೆ ಚಿಪ್ಪಿನ ಬಣ್ಣದ ಹಿಡಿ ಬಿರುಕು ಬಿಟ್ಟು, ಮುಟ್ಟಿದಲ್ಲಿ ಪುಡಿಯಾಗುತ್ತಿದೆ. ಸಾಕಿನಾಕಾದ ವರ್ಕ್‌ಶಾಪ್‌ನವರೊಬ್ಬರು 3 ಮಿ.ಮೀ. ಹಿತ್ತಾಳೆ ಹಾಳೆಯಲ್ಲಿ ಹಿಡಿ ಮಾಡಿ ಬೆಸೆದು ಕೊಡುತ್ತೇನೆ ಅನ್ನುತ್ತಾರೆ. ತುಕ್ಕಿಗೆ ಆಸಿಡ್ ಸಾಕು ಅನ್ನುತ್ತಾನೆ ನನ್ನ ತಮ್ಮ. ಕತ್ತಿ ಸರಿಹೋದೀತೇ? ಅದರಲ್ಲಿ ನಾನು ಗಡ್ಡ ಹೆರೆದುಕೊಳ್ಳಬಹುದೇ? – ಡೊಂಬಿವಲಿಯ ಓದುಗರು

ಉತ್ತರ: ಮೂರು ‘ಬೇಡ’ಗಳನ್ನು ಮೊದಲೇ ಹೇಳಿಬಿಡುತ್ತೇನೆ. ಆಸಿಡ್ ಬೇಡ, ಬೆಸುಗೆ ಬೇಡ, 3 ಮಿ.ಮೀ. ಹಿತ್ತಾಳೆ ಬೇಡ. ಹಾಗಂತ ಲೋಹದ ಹಿಡಿಯೇ ಕೂಡದು ಅಂತಲ್ಲ. ತೆಳ್ಳಗೆ, ಹಗುರಾಗಿ, ಅಲಗಿನ ಅಳತೆ ಹಿಡಿದು ಮಾಡಿದರೆ ಲೋಹದ ಹಿಡಿ ಚೆನ್ನಾಗಿಯೇ ಒದಗುತ್ತದೆ. ಬಹಳ ಜನ ಮಾಡುವುದು ಉಲ್ಟಾ: ಹಿಡಿಯನ್ನು ಮೊದಲು ಮಾಡಿಸಿ, ಆಮೇಲೆ ಕತ್ತಿಯನ್ನು ಅದರೊಳಗೆ ತುರುಕಲು ಹೊರಡುತ್ತಾರೆ. ಮಡಚುವ ಕತ್ತಿಯ ಹಿಡಿಗೆ ಮೂರು ಕೆಲಸ. ಬೆರಳಿಗೆ ಆಧಾರ ಕೊಡಬೇಕು, ಮಡಚಿದಾಗ ಅಲಗಿನ ಬಾಯಿಯನ್ನು, ಅಂದರೆ ಹರಿತದ ಅಂಚನ್ನು, ಒರೆಯ ಹಾಗೆ ಕಾಯಬೇಕು, ಬಿಚ್ಚಿದಾಗ ಅಲಗಿನ ತೂಕವನ್ನು ಸರಿದೂಗಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಶೋಕೇಸಿನಲ್ಲಿಡುವ ಸಾಮಾನೇ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಅಲಗನ್ನು ಆ ಹಳೆ ಹಿಡಿಯಿಂದ ಬಿಡಿಸಿ. ನೀವು ಬರೆದದ್ದನ್ನು ನೋಡಿದರೆ ಹಿಡಿ ಸೆಲ್ಯುಲಾಯ್ಡ್‌ನದು. ದಂತ, ಕೊಂಬು, ಆಮೆ ಚಿಪ್ಪುಗಳಿಗೆ ಅಗ್ಗದ ಬದಲಿಯಾಗಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದ ವಸ್ತು ಇದು. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಮಾಡುತ್ತಿದ್ದರು. ವಯಸ್ಸಾದಂತೆ ತಾನಾಗಿಯೇ ಒಳಗಿಂದ ಕೆಡುತ್ತದೆ. ಕೆಡುವಾಗ ಅದು ಬಿಡುವ ಅನಿಲ ಗಾಳಿಯ ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗಿ, ಮಡಚಿಟ್ಟ ಅಲಗನ್ನು ಒಳಗೊಳಗೇ ತಿನ್ನುತ್ತದೆ. ಹಿಡಿಯೊಳಗೆ ಅಡಗಿದ ಭಾಗದಲ್ಲಿ ತುಕ್ಕು ದಟ್ಟವಾಗಿದ್ದು, ಹೊರಗೆ ಚಾಚಿಕೊಂಡ ಅಲಗಿನ ಬುಡದ ತುದಿಯಲ್ಲಿ ಕಡಿಮೆ ಇದ್ದರೆ ತಪ್ಪು ಮುಂಬೈ ಮಳೆಗಾಲದ್ದಲ್ಲ, ಹಿಡಿಯದ್ದು. ಈ ಸ್ಥಿತಿಯಲ್ಲಿ ಅಲಗನ್ನು ಎಷ್ಟು ಉಜ್ಜಿ ಹೊಳೆಯಿಸಿದರೂ ಅದೇ ಹಿಡಿಗೆ ಮಡಚಿಟ್ಟರೆ ಮತ್ತೆ ಅದೇ ಕತೆ.

ಸೆಲ್ಯುಲಾಯ್ಡ್ ಹೌದೋ ಅಲ್ಲವೋ ನೋಡಲು ಗಟ್ಟಿ ಉಳಿದಿರುವ ಜಾಗವನ್ನು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ತಿಕ್ಕಿ ಮೂಸಿ ನೋಡಿ. ಕರ್ಪೂರದ ವಾಸನೆ ನಿಮಗೇನು ಹೊಸದಲ್ಲ. ಕೆಟ್ಟ ಭಾಗದಲ್ಲಿ ಅದರ ಬದಲು ಮೂಗಿಗೆ ಚುಚ್ಚುವ ಹುಳಿ ವಾಸನೆ ಬರುತ್ತದೆ. ಕೆಲವರು ಕಾಯಿಸಿದ ಸೂಜಿ ಚುಚ್ಚಿ ನೋಡಿ ಅನ್ನುತ್ತಾರೆ. ಅದನ್ನು ಖಂಡಿತ ಮಾಡಬೇಡಿ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ. ಒಣದಾಗಿ ಉಜ್ಜಿ ಪುಡಿ ಮಾಡುವುದೂ ಬೇಡ. ಅಜ್ಜನ ನೆನಪಿಗೆ ಚೂರುಗಳನ್ನು ಇಟ್ಟುಕೊಳ್ಳುವ ಆಸೆ ಇದ್ದರೆ ಕಾಗದದಲ್ಲಿ ಸುತ್ತಿ, ಗಾಳಿಯಾಡುವ ಜಾಗದಲ್ಲಿ, ಗ್ಯಾಸ್ ಒಲೆಯಿಂದಲೂ ಬೇರೆ ಕತ್ತಿ-ಕತ್ತರಿಗಳಿಂದಲೂ ದೂರ ಇಡಿ. ಗಾಳಿ ಹೋಗದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಡುವುದು ಇನ್ನೂ ಬೇಗ.

ಒಂದು ವೇಳೆ ಅದು ನಿಜವಾದ ಆಮೆ ಚಿಪ್ಪೇ ಆಗಿದ್ದರೆ ವಿಷಯ ಬೇರೆ. ಕಡಲಾಮೆಯ ಚಿಪ್ಪು, ಆನೆ ದಂತ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ, ಕೊಳ್ಳುವುದು ಮಾರುವುದು ಅಪರಾಧ. ಚೋರ್ ಬಜಾರ್‌ನಲ್ಲಿ ಯಾರಾದರೂ ‘ಅಸಲಿ ಹಾಥಿದಾಂತ್’ ಹಿಡಿ ತೋರಿಸಿದರೆ ಅಸಲಿಯಾದರೂ ನಕಲಿಯಾದರೂ ಮುಂದೆ ನಡೆಯಿರಿ.

ಹಿಡಿ ಬಿಡಿಸುವುದು ಹೇಗೆ? ಹಿಡಿಯ ಎರಡು ಬದಿಯ ಪಟ್ಟಿಗಳನ್ನು ಹಿಡಿದಿಟ್ಟಿರುವುದು ಎರಡು ಅಥವಾ ಮೂರು ಸಣ್ಣ ಪಿನ್ನುಗಳು. ಅವುಗಳ ತುದಿಯನ್ನು ಪುಟ್ಟ ವಾಷರ್ ಮೇಲೆ ಸುತ್ತಿಗೆಯಿಂದ ತಟ್ಟಿ ಅಗಲಿಸಿ ಕೂರಿಸಿರುತ್ತಾರೆ. ಒಂದು ಕಡೆಯ ತಲೆಯನ್ನು ಸಣ್ಣ ಅರದಿಂದ ಸವೆಸಿ ಸಮ ಮಾಡಿ, ಪಿನ್ನಿಗಿಂತ ತೆಳ್ಳನೆಯ ಕಡ್ಡಿಯಿಂದ ಇನ್ನೊಂದು ಕಡೆಗೆ ತಳ್ಳಿದರೆ ಹೊರಬರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಹಿಡಿ ಹೇಗೂ ಹೋಗಲಿ, ಮೀಟಿದರೆ ಅಲಗು ತಿರುಗುವ ಕೀಲಿನ ತೂತಿನ ಬಳಿ ಅಲಗಿನ ಬುಡಕ್ಕೇ ಪೆಟ್ಟು. ಕೆಲಸ ಶುರು ಮಾಡುವ ಮೊದಲು ಬಾಯಿಯ ಉದ್ದಕ್ಕೂ ಎರಡು ಸುತ್ತು ಟೇಪ್ ಅಂಟಿಸಿ. ತುಕ್ಕು ಹಿಡಿದ ಕತ್ತಿ ಮೊಂಡ ಎಂದು ನಂಬಿ ಬೆರಳು ಕೊಯ್ದುಕೊಂಡವರು ಬೇಕಾದಷ್ಟಿದ್ದಾರೆ. ಹಿಡಿಯ ಬಾಲದ ಕಡೆ, ಅಂದರೆ ಕೀಲಿಲ್ಲದ ತುದಿಯಲ್ಲಿ, ಪಟ್ಟಿಗಳ ನಡುವೆ ಸಣ್ಣ ಬೆಣೆ ಇರುತ್ತದೆ, ಅದನ್ನು ಎಸೆಯದೆ ದಪ್ಪ ಅಳೆದು ಬರೆದಿಟ್ಟುಕೊಳ್ಳಿ. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳಲ್ಲಿ ಈ ಬೆಣೆ ಸೀಸದ್ದಿರುವುದುಂಟು. ಬಿಳಿ ಪುಡಿ ಮೆತ್ತಿದ ಬೂದು ಲೋಹ ಕಂಡರೆ ಕೈಗೆ ಗ್ಲೌಸ್ ಹಾಕಿ, ಉಜ್ಜಬೇಡಿ.

ಹಿಡಿ ಬಿಟ್ಟ ಮೇಲೆ ಅಲಗನ್ನು ಸೋಪು ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ, ಮತ್ತೆ ತೊಳೆದು, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಎಣ್ಣೆ ಸವರಿ. ಅಂಟಿಕೊಂಡಿರುವ ಆಮ್ಲ ಇದರಿಂದ ಹೋಗುತ್ತದೆ.

ಹಿಡಿಯ ಮಾತು ಆಡುವ ಮೊದಲು ಅಲಗಿಗೆ ಆ ಯೋಗ್ಯತೆ ಇದೆಯೇ ನೋಡಬೇಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ 10 ಪಟ್ಟಿನ ಮಸೂರ ಒಂದನ್ನು ತಂದುಕೊಳ್ಳಿ. ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಂಥ ಗೆರೆ ಓಡಿದೆಯೇ? ಅನುಮಾನ ಬಂದಲ್ಲಿ ತೆಳು ಎಣ್ಣೆ ಹಚ್ಚಿ, ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬಿರುಕಿದ್ದರೆ ಒಳಗೆ ನಿಂತ ಎಣ್ಣೆ ಗೆರೆಯಾಗಿ ಮತ್ತೆ ಹೊರಬರುತ್ತದೆ. ಬಿರುಕಿದ್ದರೆ ಅಲ್ಲಿಗೆ ಮುಗಿಯಿತು. ಯಾವ ಹಿಡಿಯೂ, ಯಾವ ಕಲ್ಲೂ ಅದನ್ನು ಉಳಿಸಲಾರದು. ಮುಖಕ್ಕೆ ಒಯ್ಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ.

ತುಕ್ಕಿನ ವಿಷಯದಲ್ಲಿ ಎಷ್ಟು ಇದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ಮುಖ್ಯ. ಬೆನ್ನ ಮೇಲೆ, ಬುಡದಲ್ಲಿ ಸಾಸಿವೆ ಗಾತ್ರದ ಗುಳಿಗಳಿದ್ದರೂ ಕತ್ತಿ ಕೆಲಸ ಮಾಡುತ್ತದೆ. ಬಾಯಿಯಿಂದ ಎರಡು ಮಿ.ಮೀ. ಒಳಗೆ ಸೂಜಿಮೊನೆಯಷ್ಟು ಗುಳಿ ಇದ್ದರೂ ಮಸೆಯುತ್ತ ಹೋದಂತೆ ಅದು ಬಾಯಿಗೇ ಬಂದು ನಿಂತು ಹಲ್ಲಾಗುತ್ತದೆ, ಕೆನ್ನೆ ಗೀರುತ್ತದೆ. ಕಪ್ಪು-ಬೂದು ಕಲೆಗಳನ್ನು ತುಕ್ಕೆಂದು ತಿಳಿದು ತೆಗೆಯಲು ಹೋಗಬೇಡಿ. ಹಳೆಯ ಉಕ್ಕಿನ ಮೇಲೆ ಕೂತ ಆ ಪದರ ಒಂದು ಮಟ್ಟಿಗೆ ರಕ್ಷಣೆಯೇ. ಕೈಗೆ ಮೆತ್ತುವ ಕೆಂಪು ಪುಡಿ ಮಾತ್ರ ಶತ್ರು.

ಅಚ್ಚಿನ ಬಗ್ಗೆ ಸ್ವಲ್ಪ. ಹೊರದೇಶದ ಸರಕಿನ ಮೇಲೆ ದೇಶದ ಹೆಸರು ಕಾಣಿಸಬೇಕೆಂಬ ನಿಯಮ ಬ್ರಿಟಿಷರು 1887ರ ಕಾಯ್ದೆಯಲ್ಲಿ ತಂದರು. ಇಂಗ್ಲೆಂಡಿನ ಮಾರುಕಟ್ಟೆಗೆ ನುಗ್ಗುತ್ತಿದ್ದ ಜರ್ಮನ್ ಕತ್ತಿ-ಕತ್ತರಿಗಳನ್ನು ತಡೆಯುವುದು ಅದರ ಒಂದು ಉದ್ದೇಶ. ಆದದ್ದು ತಿರುಗುಮುರುಗು. ‘ಜರ್ಮನಿ’ ಎಂಬ ಅಚ್ಚೇ ಗಿರಾಕಿಗಳಿಗೆ ಭರವಸೆಯ ಗುರುತಾಯಿತು. ಸೋಲಿಂಗೆನ್ ಊರಿನ ಹೆಸರನ್ನು ಬೇರೆ ಕಡೆಯವರು ತಮ್ಮ ಅಲಗಿನ ಮೇಲೆ ಹಾಕಬಾರದೆಂದು ಜರ್ಮನಿಯಲ್ಲಿ 1938ರಲ್ಲಿ ಕಾನೂನೇ ಬಂತು. ನಿಮ್ಮದರಲ್ಲಿ ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರ ನಂತರದ್ದು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಅದಿಲ್ಲ, ಜೊತೆಗೆ ಸೆಲ್ಯುಲಾಯ್ಡ್ ಹಿಡಿ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾಲಿರುವ ಸಂಭವ ಹೆಚ್ಚು. ಸವೆದ ಹೆಸರನ್ನು ಓದಬೇಕಾದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಬುಡಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಿಡಿಯಿರಿ, ನೆರಳಿನಲ್ಲಿ ಅಕ್ಷರ ಏಳುತ್ತದೆ. ಆ ಜಾಗವನ್ನು ಮಾತ್ರ ಉಜ್ಜಬೇಡಿ. ಹೆಸರು ಸಿಕ್ಕದಿದ್ದರೂ ಚಿಂತೆ ಇಲ್ಲ, ಕಂಪನಿಯ ಹೆಸರು ಗೊತ್ತಿಲ್ಲದ ಸೋಲಿಂಗೆನ್ ಅಲಗುಗಳೂ ಸಾಮಾನ್ಯವಾಗಿ ಒಳ್ಳೆಯ ಉಕ್ಕಿನವೇ.

ಇನ್ನು ನಿಮ್ಮ ತಮ್ಮನ ಆಸಿಡ್. ತುಕ್ಕು ಹೋಗುತ್ತದೆ, ನಿಜ. ಜೊತೆಗೆ ಉಕ್ಕಿನ ಮೈಯೂ ಹೋಗುತ್ತದೆ, ಉಳಿದ ಅಚ್ಚೂ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದು. ಕ್ಷೌರದ ಅಲಗು ಗಡಸು ಹದದ, ಕಾರ್ಬನ್ ಹೆಚ್ಚಿರುವ ಉಕ್ಕು. ಆಮ್ಲದಲ್ಲಿ ಹುಟ್ಟುವ ಹೈಡ್ರೋಜನ್ ಅಂಥ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಆಮೇಲೆ ಒಂದು ದಿನ ಮಸೆಯುವಾಗ ಬಾಯಿಯ ಚೂರು ಕಿತ್ತು ಬರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್, ಬ್ಯಾಟರಿ ನೀರು, ಹುಣಸೆಹಣ್ಣು, ನಿಂಬೆರಸ ಯಾವುದೂ ಬೇಡ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನುಣುಪಾದ ಸ್ಟೀಲ್ ವುಲ್‌ನಿಂದ, ಆಮೇಲೆ 600, 1000, 2000 ನಂಬರಿನ ವಾಟರ್ ಪೇಪರ್‌ನಿಂದ ಎಣ್ಣೆಯಲ್ಲೇ ಉಜ್ಜಿ. ಅಲಗನ್ನು ಮಟ್ಟಸವಾದ ಮರದ ತುಂಡಿನ ಮೇಲೆ ಮಲಗಿಸಿ, ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ, ಬಾಯಿ ದಾಟಿ ಹೊರಕ್ಕೆ ಕೈ ಓಡಲಿ. ಕೈ ಸೋತರೂ ಸರಿ, ಪಾಲಿಶ್ ಮೋಟರಿಗೆ ಕೊಡಬೇಡಿ. ಬಟ್ಟೆಯ ಚಕ್ರ ಬಾಯಿಗೆ ಸಿಕ್ಕಿಕೊಂಡರೆ ಕತ್ತಿ ಹಾರಿ ಬರುವುದು ಮುಖಕ್ಕೋ ಹೊಟ್ಟೆಗೋ. ಅದು ತಪ್ಪಿದರೂ ಶಾಖ ತಪ್ಪದು. ಎರಡು ಬದಿಯೂ ಒಳಕ್ಕೆ ಬಾಗುವಂತೆ ತೋಡಿದ ಅಲಗಿನ ಬಾಯಿ ಕಾಗದದಷ್ಟು ತೆಳು. 200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಹದ ಸಡಿಲವಾಗಲು ಶುರು, ನೀಲಿ ಬಣ್ಣ ಕಂಡರಂತೂ ಆ ಜಾಗ ಮೆತ್ತಗಾಯಿತೆಂದೇ ಅರ್ಥ. ಬೆಸುಗೆ ಬೇಡ ಎಂದದ್ದೂ ಇದೇ ಕಾರಣಕ್ಕೆ. ಅಲಗಿನ ಹತ್ತಿರ ಬೆಂಕಿ ಸುಳಿಯಲೇಬಾರದು.

ಈಗ ಹಿಡಿಗೆ ಬರೋಣ. ನಿಮ್ಮ ವರ್ಕ್‌ಶಾಪ್‌ನವರ 3 ಮಿ.ಮೀ. ಹಿತ್ತಾಳೆಯನ್ನು ಲೆಕ್ಕ ಹಾಕಿ ನೋಡುವಾ. ಹಿಡಿಯ ಪಟ್ಟಿ 150 ಮಿ.ಮೀ. ಉದ್ದ, ಸರಾಸರಿ 15 ಮಿ.ಮೀ. ಅಗಲ ಎಂದುಕೊಳ್ಳಿ. ಅಂಥ ಎರಡು ಪಟ್ಟಿ 3 ಮಿ.ಮೀ. ಹಿತ್ತಾಳೆಯಲ್ಲಿ ಸುಮಾರು 115 ಗ್ರಾಂ ಆಗುತ್ತದೆ. ಉದುರಿಹೋದ ಸೆಲ್ಯುಲಾಯ್ಡ್ ಹಿಡಿ ಹೆಚ್ಚೆಂದರೆ 16-17 ಗ್ರಾಂ ಇದ್ದೀತು. 5/8 ಇಂಚಿನ ತೋಡಿದ ಅಲಗೇ 30-40 ಗ್ರಾಂ ತೂಗುವಂಥದ್ದು. ಅಲಗಿನ ಮೂರು ಪಟ್ಟು ತೂಕ ಹಿಂದುಗಡೆ ನೇತಾಡಿದರೆ ಏನಾಗುತ್ತದೆ? ಕತ್ತಿಯನ್ನು ನೀಟಾಗಿ ಬಿಚ್ಚಿ ಬೆರಳ ಮೇಲೆ ಇಟ್ಟರೆ ಅದು ಕೀಲಿನ ಆಸುಪಾಸಿನಲ್ಲಿ ತೂಗಿ ನಿಲ್ಲಬೇಕು. ಈ ಹಿಡಿ ಹಾಕಿದರೆ ಬಾಲ ಕೆಳಗೆ ಜಗ್ಗುತ್ತದೆ, ಅಲಗಿನ ಮೂಗು, ಅಂದರೆ ಮುಂತುದಿ, ಮೇಲೇಳುತ್ತದೆ. ಗಂಟಲಿನ ಹತ್ತಿರ ಹೆರೆಯುವಾಗ ಮಣಿಕಟ್ಟು ಆ ಜಗ್ಗನ್ನು ತಡೆಯುವುದರಲ್ಲೇ ಇರುತ್ತದೆ. ಗಂಟಲ ಬಳಿ ಕೈಗೆ ಎರಡು ಕೆಲಸ ಇರಬಾರದು.

ಮುಂಬೈಯ ಲೋಹದ ಅಂಗಡಿಗಳಲ್ಲಿ ಹಾಳೆಯನ್ನು ಗೇಜ್ ಲೆಕ್ಕದಲ್ಲಿ ಕೇಳುವುದು ವಾಡಿಕೆ. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ ಎಂದರೆ ಸುಮಾರು 1.2. ಮೇಲಿನದೇ ಅಳತೆಯ ಹಿಡಿ 16 ಗೇಜ್ ಅಲ್ಯೂಮಿನಿಯಂನಲ್ಲಿ 20 ಗ್ರಾಂ, ಅದೇ ದಪ್ಪದ ಟೈಟಾನಿಯಂನಲ್ಲಿ 33, 18 ಗೇಜ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ 43, 18 ಗೇಜ್ ಹಿತ್ತಾಳೆಯಲ್ಲಿ 47. ನಿಮ್ಮ ಕತ್ತಿಗೆ ನಾನು ಹೇಳುವುದು 16 ಗೇಜ್ ಅಲ್ಯೂಮಿನಿಯಂ. ಪಾತ್ರೆ ಮಾಡುವ ಮೆತ್ತನೆಯದಲ್ಲ, 6061 ನಂಬರಿನ ಗಡಸು ಮಿಶ್ರಲೋಹ. ಹಳೆ ಹಿಡಿಯ ತೂಕಕ್ಕೆ ಅದೇ ಹತ್ತಿರ. ಅರಕ್ಕೆ, ಡ್ರಿಲ್ಲಿಗೆ ಸಲೀಸಾಗಿ ಬಗ್ಗುತ್ತದೆ. ಟೈಟಾನಿಯಂ ಸೊಗಸು, ಆದರೆ ಒಂದು ಕತ್ತಿಗೆಂದು ಹುಡುಕಿ ತರುವಷ್ಟರದಲ್ಲ. ಸ್ಟೇನ್‌ಲೆಸ್‌ನಲ್ಲಿ ಕೈ ಡ್ರಿಲ್ ಹಿಡಿದು ತಡವರಿಸಿದರೆ ತೂತಿನ ಜಾಗವೇ ಗಡುಸಾಗಿ ಬಿಟ್ ಮುರಿಯುತ್ತದೆ. ಪಳಗಿದ ಕೈ ಬೇಕು. ಹಿತ್ತಾಳೆಯ ಬಣ್ಣವೇ ಬೇಕೆಂದು ಮನಸ್ಸು ಹಟ ಹಿಡಿದರೆ 18 ಗೇಜ್ ತೆಗೆದುಕೊಂಡು, ಪಟ್ಟಿಯ ಉದ್ದಕ್ಕೂ ತೂತುಗಳ ಸಾಲು ಕೊರೆಸಿ ತೂಕ ಇಳಿಸಿ. ನೋಡಲೂ ಚೆನ್ನ, ನೀರೂ ನಿಲ್ಲುವುದಿಲ್ಲ.

ತೂಕಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ವರ್ಕ್‌ಶಾಪ್‌ನವರು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ಈಗಿನ ಸಲೂನ್‌ಗಳಲ್ಲಿ ನೀವು ಕಾಣುವ ಅರ್ಧ ಬ್ಲೇಡಿನ ಉಸ್ತರಾಗಳಿಗೆ ಸ್ಟೀಲ್ ತಗಡನ್ನು ಮಡಚಿ ಮಾಡಿದ ಹಿಡಿ ಇರುತ್ತದೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಬ್ಲೇಡು ಹಿಡಿಗೆ ತಾಗಿ ಕೆಟ್ಟರೂ ಮುಂದಿನ ಗಿರಾಕಿಗೆ ಹೊಸ ಬ್ಲೇಡು. ನಿಮ್ಮ ಅಜ್ಜನ ಕತ್ತಿಗೆ ಇರುವುದು ಒಂದೇ ಬಾಯಿ. ಸೆಲ್ಯುಲಾಯ್ಡಿಗೋ ಕೊಂಬಿಗೋ ಅದು ತಾಗಿದರೆ ಹಿಡಿಯ ಮೇಲೆ ಗೀರು ಬೀಳುತ್ತದೆ. ಲೋಹಕ್ಕೆ ತಾಗಿದರೆ ಬಾಯಿಯೇ ಮುದುಡುತ್ತದೆ, ಒಂದೇ ಸಲ ಮಡಚಿದ್ದರಲ್ಲಿ ಎರಡು ಗಂಟೆ ಮಸೆದದ್ದು ಹೋಯಿತು. ಹಾಗಾಗಿ ಹಳೆ ಉಸ್ತರಾದ ತಗಡಿನ ಹಿಡಿಯನ್ನು ಕಿತ್ತು ಇದಕ್ಕೆ ಕೂರಿಸುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಬಿಟ್ಟುಬಿಡಿ. ರೆಡಿ ಲೋಹದ ಹಿಡಿಗಳೂ ಮಾರಾಟಕ್ಕೆ ಸಿಗುತ್ತವೆ. ಅವು ಯಾರದೋ ಅಲಗಿನ ಅಳತೆಗೆ ಮಾಡಿದವು, ನಿಮ್ಮದಕ್ಕೆ ಕೂತರೆ ಅದೃಷ್ಟ.

ತಗಡಿಗೆ ಕೈ ಹಾಕುವ ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಮಾಡಿ. ಕೀಲಿನ ತೂತಿನಿಂದ ಅಲಗಿನ ಮೂಗಿನ ತುದಿಗೆ ಎಷ್ಟು ದೂರವೋ ಅದಕ್ಕೆ 3-4 ಮಿ.ಮೀ. ಸೇರಿಸಿದ ಜಾಗದಲ್ಲಿ ಬೆಣೆ ಶುರುವಾಗಬೇಕು, ಇಲ್ಲದಿದ್ದರೆ ಮಡಚುವಾಗ ಮೂಗು ಬೆಣೆಗೆ ಬಡಿಯುತ್ತದೆ. ರಟ್ಟಿಗೆ ಕೀಲಿನಲ್ಲಿ ಗುಂಡುಪಿನ್ ಚುಚ್ಚಿ ಅಲಗನ್ನು ಮಡಚಿ ನೋಡಿ. ಬಾಯಿ ಪಟ್ಟಿಯ ಕೆಳ ಅಂಚಿನಿಂದ 2-3 ಮಿ.ಮೀ. ಒಳಗೇ ಉಳಿಯಬೇಕು, ಬೆನ್ನು ಮೇಲೆ ತುಸು ಇಣುಕಿದರೆ ಒಳ್ಳೆಯದು, ತೆರೆಯಲು ಬೆರಳಿಗೆ ಸಿಗುತ್ತದೆ. ರಟ್ಟಿನಲ್ಲಿ ಸರಿಬಂದ ಮೇಲೆಯೇ ತಗಡಿನ ಮೇಲೆ ಗೆರೆ ಎಳೆಯಿರಿ. ಎರಡು ಪಟ್ಟಿಗಳನ್ನು ಡಬಲ್ ಟೇಪ್‌ನಿಂದ ಒಂದಕ್ಕೊಂದು ಅಂಟಿಸಿ ಒಟ್ಟಿಗೇ ಕತ್ತರಿಸಿ, ಒಟ್ಟಿಗೇ ತೂತು ಹಾಕಿಸಿ. ಬೇರೆ ಬೇರೆ ಕೊರೆದರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮೂಗಿನ ಹತ್ತಿರ ಅದು ಎದ್ದು ಕಾಣುತ್ತದೆ.

ಬೆಣೆಯನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಕೀಲಿನ ಕಡೆ ಪಟ್ಟಿಗಳ ನಡುವಿನ ಅಂತರ ಬುಡದ ದಪ್ಪ ಮತ್ತು ಎರಡು ಒಳವಾಷರ್‌ಗಳಷ್ಟು. ಇನ್ನೊಂದು ತುದಿಯಲ್ಲಿ ಬೆಣೆಯಷ್ಟು, ಸಾಮಾನ್ಯವಾಗಿ 2-3 ಮಿ.ಮೀ. ಇವೆರಡರ ನಡುವೆ ಪಟ್ಟಿ ತುಸು ಬಿಗಿಯಾಗಿ ನಿಂತರೆ ಕೀಲಿನಲ್ಲಿ ಹಿಡಿತ ಬರುತ್ತದೆ. ಹಳೆಯ ಹಿಡಿಗಳು ತಾವೇ ಬಾಗಿ ಈ ಬಿಗಿತ ಕೊಡುತ್ತಿದ್ದವು. ಲೋಹ ಅಷ್ಟು ಬಾಗುವುದಿಲ್ಲ, ಮೆತ್ತನೆಯ ಹಿತ್ತಾಳೆಯಾದರೆ ಬಾಗಿದ್ದು ಹಿಂದೆ ಬರುವುದೂ ಇಲ್ಲ. ಹೀಗಾಗಿ ಲೋಹದ ಹಿಡಿಯಲ್ಲಿ ಬೆಣೆಯನ್ನು ಅಲಗಿಗೆ ಹೊಂದುವವರೆಗೆ ಮತ್ತೆ ಮತ್ತೆ ಅರ ಹಾಕಿ ಕೂರಿಸಬೇಕು. ನೂರು ವರ್ಷದ ಅಲಗು ನೆಟ್ಟಗೆ ಇರುವುದು ಅಪರೂಪ. ಒಂದು ಕಡೆಗೆ ಚೂರು ವಾಲಿರುತ್ತದೆ. ಬೆಣೆಯ ಒಂದು ಮುಖವನ್ನು ಸ್ವಲ್ಪ ಓರೆಯಾಗಿ ಉಜ್ಜಿದರೆ ಹಿಡಿ ಆ ಕಡೆಗೆ ತಿರುಗಿ ಅಲಗು ನಡುವಿಗೆ ಬರುತ್ತದೆ. ಈ ಒಂದು ಕೆಲಸಕ್ಕೆ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಬೇಸರ ಮಾಡಬೇಡಿ. ಬೆಣೆಗೆ ಗಟ್ಟಿ ಮರವೋ ನೈಲಾನ್ ತುಂಡೋ ಸಾಕು.

ಎರಡು ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪಿನ ತೇವ ಸೇರಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಮುಂಬೈಯ ಗಾಳಿಯಲ್ಲಿ ಉಪ್ಪಿಗೂ ತೇವಕ್ಕೂ ಬರವಿಲ್ಲ. ಹಿತ್ತಾಳೆ ಮತ್ತು ಉಕ್ಕು ಜೊತೆಗಿದ್ದರೆ ತುಕ್ಕು ಹಿಡಿಯುವುದು ಉಕ್ಕಿಗೆ. ಅದೂ ಕೀಲಿನ ಒಳಗೆ, ಬಟ್ಟೆ ಹೋಗದ ಜಾಗದಲ್ಲಿ. ಅಲ್ಯೂಮಿನಿಯಂ ಜೊತೆಗಿದ್ದರೆ ಉಕ್ಕು ಉಳಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಹಿಡಿಯನ್ನು ಮತ್ತೆ ಮಾಡಿಸಬಹುದು, ಅಲಗನ್ನು ಮಾಡಿಸಲಾಗದು. ಅಲ್ಯೂಮಿನಿಯಂ ಕಡೆಗೆ ನನ್ನ ಒಲವಿಗೆ ಇದೂ ಕಾರಣ. ಯಾವ ಲೋಹವಾದರೂ ಕೀಲಿನಲ್ಲಿ ಅಲಗಿನ ಎರಡು ಬದಿಗೂ ತೆಳು ಟೆಫ್ಲಾನ್ ಅಥವಾ ನೈಲಾನ್ ವಾಷರ್ ಹಾಕಿಸಿ. ಅಲ್ಯೂಮಿನಿಯಂ ಪಟ್ಟಿಗೆ ಆನೊಡೈಸಿಂಗ್ (ಮೇಲ್ಮೈಯಲ್ಲಿ ಗಟ್ಟಿ ರಕ್ಷಣಾ ಪದರ ಬೆಳೆಸುವ ಕೆಲಸ) ಮಾಡಿಸಿದರೆ ಇನ್ನೂ ಬಾಳಿಕೆ. ಹೊರಮೈಯನ್ನು ಕನ್ನಡಿ ಹಾಗೆ ಹೊಳೆಯಿಸುವ ಉಮೇದು ಎಲ್ಲರಿಗೂ ಇರುತ್ತದೆ. ಸೋಪು ಕೈಗೆ ಅದು ಜಾರುತ್ತದೆ. 400 ನಂಬರಿನ ಪೇಪರ್‌ನಲ್ಲಿ ಉದ್ದುದ್ದ ಎಳೆದು ಬಿಟ್ಟ ಮಂದ ಹೊಳಪೇ ಸರಿ.

ಅಲಗಿನ ಬುಡದ ತೂತು ಸಾಮಾನ್ಯವಾಗಿ 1.6 ಮಿ.ಮೀ. ಪಿನ್ನಿಗೆ ಹೊಂದುವಂಥದ್ದು. ಅದನ್ನು ದೊಡ್ಡದು ಮಾಡಲು ಯಾರಿಗೂ ಬಿಡಬೇಡಿ, ಗಡಸು ಉಕ್ಕು ಸೀಳೀತು. ಮೊದಲ ಜೋಡಣೆಯನ್ನು ಎಂ 1.6 ಅಳತೆಯ ಸಣ್ಣ ಸ್ಕ್ರೂ-ನಟ್‌ನಲ್ಲಿ ಮಾಡಿ, ಹತ್ತಾರು ಸಲ ಮಡಚಿ ಬಿಚ್ಚಿ, ಬೆಣೆ ತಿದ್ದಿ. ಎಲ್ಲ ಕೂತ ಮೇಲೆ ಹಿತ್ತಾಳೆ ತಂತಿಯ ಪಿನ್ ಹಾಕಿ. ವಾಷರ್ ಮೇಲೆ ಒಂದು ಮಿ.ಮೀ.ಗಿಂತ ಕಡಿಮೆ ಉಳಿಸಿ ಕತ್ತರಿಸಿ, ಸಣ್ಣ ಗುಂಡುತಲೆ ಸುತ್ತಿಗೆಯಿಂದ ಎರಡು ಬದಿಗೂ ತಿರುಗಿಸಿ ತಿರುಗಿಸಿ ಮೆಲ್ಲಗೆ ತಟ್ಟಿ. ಜೋರಾಗಿ ಹೊಡೆದರೆ ಪಿನ್ ಒಳಗೇ ಬಾಗುತ್ತದೆ. ಬಾಲದ ಪಿನ್ ಮೊದಲು, ಕೀಲಿನದು ಕೊನೆಗೆ. ಅಲಗು ತನ್ನ ತೂಕಕ್ಕೆ ತಾನೇ ಬೀಳಬಾರದು, ತೆರೆಯಲು ಉಗುರು ಮುರಿಯಲೂಬಾರದು. ಪಿನ್ ಗೋಜು ಬೇಡ ಎಂದರೆ ಸ್ಕ್ರೂನಲ್ಲೇ ಬಿಡಬಹುದು. ಅದು ಹಳೆ ಶೈಲಿಯಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ತಕರಾರಿಲ್ಲ, ಮಳೆಗಾಲದಲ್ಲಿ ಬಿಚ್ಚಿ ಒರೆಸಲು ಅದೇ ಅನುಕೂಲ.

ಸಾಮಾನಿಗೆ ದೂರ ಹೋಗಬೇಕಿಲ್ಲ. ಡೊಂಬಿವಲಿಯಿಂದ ರೈಲು ಹತ್ತಿ ಮಸ್ಜಿದ್ ಬಂದರ್‌ನಲ್ಲಿ ಇಳಿದರೆ ನಾಗದೇವಿ ಸ್ಟ್ರೀಟ್‌ನಲ್ಲಿ ಅರ, ಸಣ್ಣ ಡ್ರಿಲ್ ಬಿಟ್, ಸ್ಕ್ರೂ, ವಾಟರ್ ಪೇಪರ್ ಎಲ್ಲ ಸಿಗುತ್ತದೆ. ಹಾಳೆಗೆ ಕೀಕಾ ಸ್ಟ್ರೀಟ್ ಕಡೆಯ ಲೋಹದ ಅಂಗಡಿಗಳು; ‘ಕಟ್ ಪೀಸ್’ ಕೇಳಿ, ಇಡೀ ಹಾಳೆ ನಿಮಗೇಕೆ? ಮಸೆದ ಮೇಲೆ ಬಾಯಿ ತೀಡುವ ಚರ್ಮದ ಪಟ್ಟಿಗೆ ಧಾರಾವಿ. ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ ಹಳೆಯ ಕತ್ತಿಗಳು ಆಗಾಗ ಕಾಣಸಿಗುತ್ತವೆ. ಮೂಗು ಮುರಿದ ಅಗ್ಗದ ಕತ್ತಿಯೊಂದನ್ನು ತಂದು, ಪಿನ್ ತಟ್ಟುವುದನ್ನು ಅದರ ಮೇಲೆ ಕಲಿತು ಆಮೇಲೆ ಅಜ್ಜನದಕ್ಕೆ ಕೈ ಹಾಕುವುದು ಜಾಣತನ.

ಇಷ್ಟೆಲ್ಲ ಹೇಳಿದ ಮೇಲೂ ಹಿಡಿಗೆ ದುಡ್ಡು ಹಾಕುವ ಮೊದಲು ಅಲಗಿಗೆ ಹರಿತ ಬರುತ್ತದೆಯೇ ನೋಡಿಕೊಳ್ಳಿ. ಸೈಕಲ್ ಮೇಲೆ ಕಲ್ಲು ತಿರುಗಿಸುತ್ತ ಬರುವ ಧಾರ್‌ವಾಲಾನಿಗೆ ಮಾತ್ರ ಕೊಡಬೇಡಿ, ಅವನ ಒಣ ಚಕ್ರ ಈಳಿಗೆಮಣೆಗೆ, ಕತ್ತರಿಗೆ ಸರಿ. ಕ್ಷೌರದ ಕತ್ತಿಯನ್ನು ನೀರಿನ ಕಲ್ಲಿನ ಮೇಲೆ ಬೆನ್ನು-ಬಾಯಿ ಎರಡೂ ತಾಗುವಂತೆ ಮಲಗಿಸಿ ಮಸೆಯುತ್ತಾರೆ. ಬೆನ್ನಿನ ದಪ್ಪವೇ ಕೋನವನ್ನು ನಿಶ್ಚಯಿಸುತ್ತದೆ, 16 ಮಿ.ಮೀ. ಅಗಲದ ಅಲಗಿಗೆ ಬೆನ್ನು 5 ಮಿ.ಮೀ.ಗೆ ತುಸು ಕಡಿಮೆ ಇದ್ದರೆ ಅದು ಸುಮಾರು 17 ಡಿಗ್ರಿ. ಬೆನ್ನಿಗೆ ಒಂದು ಪದರ ಇನ್ಸುಲೇಶನ್ ಟೇಪ್ ಅಂಟಿಸಿಕೊಂಡರೆ ಬೆನ್ನು ಸವೆಯುವುದಿಲ್ಲ. ಮೊದಲು 1000 ನಂಬರಿನ ಕಲ್ಲು. ಇಲ್ಲಿ ಬಾಯಿಯ ಉದ್ದಕ್ಕೂ ಸಮನಾದ ಹೊಳೆಯುವ ಗೆರೆ ಬಂದು, ಕೈಯ ರೋಮ ಕತ್ತರಿಸಿತೆಂದರೆ ಅಲಗು ಬದುಕಿದೆ. ಬರಲಿಲ್ಲವೆಂದರೆ, ಅಥವಾ ಗುಳಿಗಳು ಬಾಯಿಗೇ ಬಂದು ನಿಂತರೆ, ಹಿಡಿಯ ಖರ್ಚು ಉಳಿಯಿತು. ಮುಂದೆ 4000, 8000, ಕೊನೆಗೆ 12000, ಆಮೇಲೆ ಚರ್ಮದ ಪಟ್ಟಿ. ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ತಿರುಗಿಸುವಾಗ ಬೆನ್ನ ಮೇಲೇ ಹೊರಳಿಸಬೇಕು. ಬಾಯಿ ಮುಂದಾದರೆ ಪಟ್ಟಿಯೂ ಹೋಯಿತು, ಹರಿತವೂ ಹೋಯಿತು.

ಗಡ್ಡ ಹೆರೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಬಿರುಕಿಲ್ಲದಿದ್ದರೆ, ಬಾಯಿ ಸ್ವಚ್ಛವಿದ್ದರೆ, ಖಂಡಿತ. ಆದರೆ ನೀವೊಬ್ಬರೇ. ತಮ್ಮನಿಗೂ ಕೊಡಬೇಡಿ. ಒಂದೇ ಕತ್ತಿ ಹಲವರ ಕೆನ್ನೆ ಮುಟ್ಟಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿಯಂಥ ಸೋಂಕು ರಕ್ತದ ಮೂಲಕ ದಾಟುವ ಅಪಾಯವಿದೆ. ಸಲೂನ್‌ಗಳು ಬಿಸಾಡುವ ಬ್ಲೇಡಿಗೆ ತಿರುಗಿದ್ದು ಸುಮ್ಮನೆ ಅಲ್ಲ. ಅಜ್ಜನ ಕತ್ತಿಯೂ ಎಷ್ಟೋ ಜನರ ಕೆನ್ನೆ ಕಂಡದ್ದು, ಮೊದಲ ಬಳಕೆಗೆ ಮುನ್ನ ಸೋಪಿನಲ್ಲಿ ತೊಳೆದು, 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತು ನಿಮಿಷ ನೆನೆಸಿ ಒರೆಸಿ. ಬ್ಲೀಚಿಂಗ್ ನೀರು ಬೇಡ, ಉಕ್ಕನ್ನು ತಿನ್ನುತ್ತದೆ. ಮೊದಮೊದಲು ಎರಡು ಕೆನ್ನೆ ಮಾತ್ರ, ಕೂದಲು ಬೆಳೆದ ದಿಕ್ಕಿಗೇ, ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿ ಹಿಡಿದು, ಅಲಗನ್ನು 30 ಡಿಗ್ರಿಯಷ್ಟು ಮಾತ್ರ ಎತ್ತಿ. ಗದ್ದ, ಗಂಟಲನ್ನು ಕೈ ಪಳಗುವವರೆಗೆ ನಿಮ್ಮ ಈಗಿನ ರೇಜರಿಗೇ ಬಿಡಿ.

ಮುಗಿದ ಮೇಲೆ ಒರೆಸಿ, ಬಿಚ್ಚಿಯೇ ಒಣಗಲು ಬಿಟ್ಟು, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಅಲಗಿಗೆ, ಒಂದು ಹನಿ ಕೀಲಿಗೆ. ತೆಂಗಿನೆಣ್ಣೆ ಬೇಡ, ದಿನ ಕಳೆದಂತೆ ಕಮಟಾಗಿ ಹುಳಿಯೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲಿನಲ್ಲೂ, ಚರ್ಮದ ಚೀಲದಲ್ಲೂ ಇಡಬೇಡಿ. ಸಿಲಿಕಾ ಜೆಲ್ ಪುಡಿಕೆ ಹಾಕಿದ ಡಬ್ಬಿ ಸಾಕು.

ಸಾಕಿನಾಕಾದವರಿಗೆ ಅಡ್ವಾನ್ಸ್ ಕೊಡುವ ಮೊದಲು ನಾಲ್ಕು ಅಳತೆ ಬರೆದು ಕಳಿಸಿ: ಬುಡದ ತೂತಿನ ವ್ಯಾಸ, ಬುಡದ ದಪ್ಪ, ತೂತಿನಿಂದ ಮೂಗಿನ ತುದಿಗೆ ಇರುವ ದೂರ, ಅಲಗಿನ ಅಗಲ. ಜೊತೆಗೆ ಬಾಯಿಯ ಎರಡು ಬದಿಯ ಹತ್ತಿರದ ಫೋಟೊ. ರಟ್ಟಿನ ಮಾದರಿಯ ನಕ್ಷೆಯನ್ನು ನಾನೇ ಬರೆದು ಕೊಡುತ್ತೇನೆ, ಅವರು ಅದರಂತೆ ಕತ್ತರಿಸಿದರೆ ಸಾಕು.